ಕಾರ್ಡು ಎಲ್ಲರ ಮನ್ಯಾಗ ಅದ, ಟೆಸ್ಟು ಯಾರು ಮಾಡ್ತಾರ?



ಯಾದಗಿರಿ, ಶಹಾಪುರ, ಸುರಪುರದ ನಮ್ಮ ಕೇರಿಗಳಿಗೆ ಹೋದ್ರ ಆಯುಷ್ಮಾನ್ ಕಾರ್ಡು ತೆಗೆದು ತೋರಿಸ್ತಾರ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಒಳ್ಳೆಯದೇ. ಆದ್ರ ಈ ಕಾರ್ಡು ಮುಖ್ಯವಾಗಿ ಕೆಲಸಕ್ಕೆ ಬರೋದು ಆಸ್ಪತ್ರೆಗೆ ಅಡ್ಮಿಟ್ ಆದ ಮ್ಯಾಲ. ಅದಕ್ಕೂ ಮೊದಲು ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಲಿವರ್ ತಿನ್ನೋ ರೋಗಕ್ಕ ಏನು ಮಾಡೋದು? ಹೆಪಟೈಟಿಸ್ ಸಿ ಅಂಥ ರೋಗ.

ಕಾಮಣಿ ಆದ್ರ ಕಣ್ಣು ಹಳದಿ ಆಗ್ತದ, ಗೊತ್ತಾಗ್ತದ. ಇದರಾಗ ಬಹಳ ಮಂದಿಗೆ ಅದೂ ಆಗಲ್ಲ. ರಕ್ತದಿಂದ ರಕ್ತಕ್ಕೆ ಹರಡ್ತದ. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದ್ರ, ಜಾತ್ರ್ಯಾಗ ಒಂದೇ ಸೂಜಿಯಿಂದ ಹಚ್ಚೆ ಹಾಕಿದ್ರ, ಡಯಾಲಿಸಿಸ್‌ನಾಗ ಶುಚಿತ್ವ ತಪ್ಪಿದ್ರ. ಆಸ್ಪತ್ರೆ ಕಸದೊಳಗ ಕೈ ಹಾಕಿ ಸೂಜಿ ಚುಚ್ಚಿಸಿಕೊಳ್ಳೋ ಕೈಗಳು ಯಾರವು ಅಂತ ನಾನು ಹೇಳಬೇಕಾಗಿಲ್ಲ. ಮುಟ್ಟಿದ್ರ ಬರಲ್ಲ, ಒಂದೇ ತಾಟಿನಾಗ ಉಂಡ್ರ ಬರಲ್ಲ. ಇದನ್ನ ಗಟ್ಟಿಯಾಗಿ ಹೇಳ್ರಿ. ರೋಗದ ಹೆಸರಲ್ಲಿ ಹಳೇ ಅಸ್ಪೃಶ್ಯತೆ ಮತ್ತೆ ಶುರು ಆಗಬಾರದು.

ಸಿಟ್ಟು ಬರೋದು ಯಾಕಂದ್ರ ಇದಕ್ಕೆ ಔಷಧಿ ಅದ. ಸಾಮಾನ್ಯವಾಗಿ 12 ವಾರ ಗುಳಿಗೆ ತಗೊಂಡ್ರ 100ರಲ್ಲಿ 95 ಮಂದಿ ಪೂರ್ತಿ ಗುಣ. 2018ರ ಜುಲೈ 28ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಅದರ ಪ್ರಕಾರ ಟೆಸ್ಟೂ ಉಚಿತ, ಗುಳಿಗೆಯೂ ಉಚಿತ. ಆದ್ರೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ದೇಶದಾಗ ಸುಮಾರು 55 ಲಕ್ಷ ಮಂದಿಗೆ ಈ ರೋಗ ಇತ್ತು.

ನಾನು ಗುಮಾಸ್ತ. ಫೈಲು ಯಾವ ಟೇಬಲ್ ಮ್ಯಾಲ ನಿಂತದ ಅಂತ ಹುಡುಕೋದೇ ನನ್ನ ಕೆಲಸ. ಈ ಫೈಲು ಮೂರು ಕಡೆ ನಿಲ್ತದ.

ಒಂದು, ಆಪರೇಷನ್‌ಗಿಂತ ಮೊದಲು ಎಷ್ಟೋ ಆಸ್ಪತ್ರೆಗಳು ಈ ಟೆಸ್ಟ್ ಮಾಡೇ ಮಾಡ್ತಾವ. ಆದ್ರ ಅದು ಡಾಕ್ಟರ್ ಸುರಕ್ಷತೆಗೆ. ಪಾಸಿಟಿವ್ ಬಂದ್ರ ‘ಬೇರೆ ಕಡೆ ಹೋಗ್ರಿ’ ಅಂತಾರ, ಉಚಿತ ಗುಳಿಗೆ ಎಲ್ಲಿ ಸಿಗ್ತದ ಅಂತ ಹೇಳೋರು ಕಡಿಮೆ.

ಎರಡು, ಆ ಮೊದಲ ಟೆಸ್ಟ್ ವೈರಸ್ ಎಂದಾದರೂ ಬಂದಿತ್ತಾ ಅಂತಷ್ಟೇ ಹೇಳ್ತದ. ಕೆಲವರಿಗೆ ತಾನಾಗೇ ಹೋಗಿರ್ತದ. ಈಗ ಅದಯೋ ಇಲ್ಲೋ ತಿಳಿಯೋಕೆ ವೈರಲ್ ಲೋಡ್ ಟೆಸ್ಟ್ ಬೇಕು.

ಮೂರು, ಅದಕ್ಕ ಮತ್ತೆ ಜಿಲ್ಲಾ ಕೇಂದ್ರಕ್ಕೋ ಕಲಬುರಗಿಗೋ ಓಡಾಟ. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ, ಆದ್ರ ಹೋದ ದಿನದ ಕೂಲಿ ಯಾರು ಕೊಡ್ತಾರ? ರಿಪೋರ್ಟ್ ಬರೋದ್ರೊಳಗ ಮಂದಿ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿರ್ತಾರ.

ಗುತ್ತಿಗೆ ಕಾರ್ಮಿಕರದು ಇನ್ನೊಂದು ಕಥೆ. ಇಎಸ್‌ಐಗೆ ಸಂಬಳದಿಂದ ಶೇ. 0.75, ಮಾಲೀಕರಿಂದ ಶೇ. 3.25 ಕಟ್ ಆಗ್ತದ. ಬಾಬಾಸಾಹೇಬರು ವೈಸರಾಯ್ ಕೌನ್ಸಿಲ್‌ನ ಕಾರ್ಮಿಕ ಸದಸ್ಯರಾಗಿದ್ದಾಗಲೇ, 1944ರಲ್ಲಿ, ಈ ವಿಮೆಗೆ ಬುನಾದಿಯಾದ ಅದರ್ಕರ್ ವರದಿ ಬಂತು. ಇದು ಭಿಕ್ಷೆಯಲ್ಲ, ನಮ್ಮ ದುಡ್ಡು, ನಮ್ಮ ಹಕ್ಕು.

ವಿಮೆ ಇದ್ದ ಮಾತ್ರಕ್ಕ ಚಿಕಿತ್ಸೆ ಸಿಕ್ಕಂಗಲ್ಲ. ಅಮೆರಿಕದ ಸರ್ಕಾರಿ ಸಂಸ್ಥೆ ಸಿಡಿಸಿ 2022ರಲ್ಲಿ ಹೇಳಿದ್ದೂ ಇದನ್ನೇ: ಹೆಪಟೈಟಿಸ್ ಸಿ ಪತ್ತೆಯಾದ ವಿಮಾದಾರರಲ್ಲಿ ಒಂದು ವರ್ಷದೊಳಗ ಚಿಕಿತ್ಸೆ ಶುರು ಆಗಿದ್ದು ಮೂವರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿಗೆ, ಬಡವರ ಸರ್ಕಾರಿ ವಿಮೆಯವರಲ್ಲಿ ಇನ್ನೂ ಕಡಿಮೆ. ಪಂಜಾಬ್ ಮಾತ್ರ 2016ರಿಂದಲೇ ಜಿಲ್ಲಾಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಕೊಟ್ಟು ದಾರಿ ತೋರಿಸಿತು.

ನಮ್ಮ ಬೇಡಿಕೆ ದೊಡ್ಡದಲ್ಲ. ಟಿಬಿಗೆ ಬಳಸೋ ಟ್ರೂನ್ಯಾಟ್, ಸಿಬಿನ್ಯಾಟ್ ಮಷಿನ್‌ಗಳಲ್ಲೇ ಈ ವೈರಲ್ ಲೋಡ್ ಟೆಸ್ಟೂ ಮಾಡಬಹುದು. ಶಹಾಪುರ, ಸುರಪುರ ತಾಲ್ಲೂಕು ಆಸ್ಪತ್ರೆಗಳಲ್ಲೇ ಮಾಡ್ರಿ. ಗುಳಿಗೆ ಅಲ್ಲೇ ಕೊಡ್ರಿ. ಪೌರಕಾರ್ಮಿಕರಿಗೆ, ಡಯಾಲಿಸಿಸ್ ರೋಗಿಗಳಿಗೆ ಮೊದಲು ಟೆಸ್ಟ್ ಮಾಡ್ರಿ.

ಸಂಗಾತಿಗಳೇ, ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಆರ್‌ಟಿಐ ಹಾಕೋಣ. 10 ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ. ನಾಲ್ಕೇ ಪ್ರಶ್ನೆ: ಎಷ್ಟು ಮಂದಿಗೆ ಟೆಸ್ಟ್ ಆಯ್ತು? ಎಷ್ಟು ಪಾಸಿಟಿವ್? ಎಷ್ಟು ಮಂದಿಗೆ ವೈರಲ್ ಲೋಡ್ ಆಯ್ತು? ಎಷ್ಟು ಮಂದಿ ಗುಳಿಗೆ ಮುಗಿಸಿದ್ರು? ಈ ನಾಲ್ಕು ಅಂಕಿಗಳ ನಡುವಿನ ವ್ಯತ್ಯಾಸದಾಗ ಕಳೆದುಹೋದವರೇ ನಮ್ಮ ಮಂದಿ.

ಅಲ್ಲೀತನಕ ಒಂದು ಕೆಲಸ ಮಾಡ್ರಿ. ಮನ್ಯಾಗಿನ ಹಳೇ ಆಪರೇಷನ್ ಫೈಲು ತೆಗೆದು ‘ಎಚ್‌ಸಿವಿ’ ಅನ್ನೋ ಸಾಲು ಹುಡುಕ್ರಿ. ಎದುರಿಗೆ ‘ರಿಯಾಕ್ಟಿವ್’ ಅಂತ ಇದ್ರ ಆ ಹಾಳೆ ಹಿಡ್ಕೊಂಡು ಸರ್ಕಾರಿ ಆಸ್ಪತ್ರೆಗೆ ಹೋಗ್ರಿ. ಒಬ್ಬರೇ ಹೋಗಬ್ಯಾಡ್ರಿ, ಜೊತಿಗೆ ಬರ್ತೀವಿ.

ಜೈ ಭೀಮ್.