ಕಾಣದ ಕಿರಣದ ಹವ್ಯಾಸ

ಹವ್ಯಾಸಗಳಿಗೆ ಕೊನೆಯೆಂಬುದಿಲ್ಲ. ಒಬ್ಬನಿಗೆ ಅಂಚೆಚೀಟಿಯ ಹುಚ್ಚು. ಇನ್ನೊಬ್ಬನಿಗೆ ರೇಡಿಯೋ ಬಿಚ್ಚಿ ಜೋಡಿಸುವ ಚಪಲ. ಈ ಸಾಲಿನಲ್ಲಿ ಅತಿ ವಿಚಿತ್ರವಾದುದು, ಮನೆಯಲ್ಲಿಯೇ ಕ್ಷ-ಕಿರಣದ ಚಿತ್ರ ತೆಗೆಯುವ ಹವ್ಯಾಸ. ಹಾನಗಲ್ಲು ತಾಲ್ಲೂಕಿನ ತಿಳವಳ್ಳಿಯಲ್ಲಿ ಕುಳಿತ ಚುರುಕು ಹುಡುಗನಿಗೂ ಇಂದು ಕೈಯಲ್ಲಿರುವ ಫೋನಿನ ಮೂಲಕ ಈ ಆಸೆ ಅಂಟಬಹುದು. ಶಂಖದ ಒಳಸುರುಳಿಯನ್ನೂ ಬೀಗದ ಒಳಗುಟ್ಟನ್ನೂ ಒಡೆಯದೆ ನೋಡುವ ಕುತೂಹಲ ಯಾರಿಗಿಲ್ಲ?

ಈ ಕುತೂಹಲಕ್ಕೆ ದೊಡ್ಡ ವಂಶಾವಳಿಯೇ ಉಂಟು. 1895ರ ನವೆಂಬರ್ 8ರಂದು ಜರ್ಮನಿಯ ವಿಜ್ಞಾನಿ ರಾಂಟ್‌ಜನ್, ಕಪ್ಪು ಕಾಗದ ಸುತ್ತಿದ ಗಾಜಿನ ನಳಿಗೆಯಿಂದ ಹೊರಟ ಯಾವುದೋ ಕಿರಣವು ದೂರದ ಪರದೆಯನ್ನು ಬೆಳಗಿದುದನ್ನು ಕಂಡನು. ಡಿಸೆಂಬರ್ 22ರಂದು ಪತ್ನಿಯ ಕೈಯ ಚಿತ್ರ ತೆಗೆದನು. ಅದರಲ್ಲಿ ಎಲುಬುಗಳೂ ಬೆರಳಿನ ಉಂಗುರವೂ ಮೂಡಿದವು. ಆತನು ಪೇಟೆಂಟು ಪಡೆಯಲಿಲ್ಲವಾದ್ದರಿಂದ ನಳಿಗೆಯೂ ವಿದ್ಯುತ್ ಸುರುಳಿಯೂ ಉಳ್ಳವರೆಲ್ಲರೂ ಪ್ರಯೋಗಕ್ಕೆ ಇಳಿದರು. ನಮ್ಮ ಜಗದೀಶಚಂದ್ರ ಬೋಸರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸ್ವತಃ ಉಪಕರಣ ಸಿದ್ಧಪಡಿಸಿ, ಬೆನ್ನೆಲುಬು ಮುರಿದ ರೋಗಿಯೊಬ್ಬನ ಪರೀಕ್ಷೆಗೂ ಅದನ್ನು ಬಳಸಲು ಮುಂದಾದರು.

ಆದರೆ ಈ ಕಿರಣವು ಬೆಂಕಿಯಂತಲ್ಲ. ಬೆಂಕಿಗೆ ಕೈಯಿಟ್ಟವನು ತಕ್ಷಣ ಹಿಂದೆಗೆಯುತ್ತಾನೆ. ಕ್ಷ-ಕಿರಣ ತಾಗಿದಾಗ ನೋವೇ ಇಲ್ಲ. ಅದು ಜೀವಕೋಶದೊಳಗಣ ಅಣುಗಳನ್ನು ಕೆಡಿಸುತ್ತದೆ. ಹುಣ್ಣು ವಾರಗಳ ಮೇಲೆ ಕಾಣಿಸಬಹುದು, ಅರ್ಬುದ ವರ್ಷಗಳ ಮೇಲೆ. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ನಳಿಗೆಗಳನ್ನು ತನ್ನ ಕೈಯನ್ನೇ ಒಡ್ಡಿ ಪರೀಕ್ಷಿಸುತ್ತಿದ್ದನು. ಎರಡೂ ತೋಳುಗಳನ್ನು ಕತ್ತರಿಸಿದರೂ ಅವನು ಉಳಿಯಲಿಲ್ಲ. 1904ರಲ್ಲಿ, 39ನೆಯ ವಯಸ್ಸಿನಲ್ಲಿ ತೀರಿಕೊಂಡನು. ಎಡಿಸನ್ ಆ ಸಂಶೋಧನೆಯನ್ನೇ ತೊರೆದನು. 1936ರಲ್ಲಿ ಹ್ಯಾಂಬರ್ಗಿನಲ್ಲಿ ನಿಲ್ಲಿಸಿದ ಸ್ಮಾರಕದಲ್ಲಿ ಇಂಥ ಅನೇಕ ಮಂದಿಯ ಹೆಸರುಗಳನ್ನು ಕೆತ್ತಿದರು.

ಆಸ್ಪತ್ರೆಯಲ್ಲಿ ಚಿತ್ರ ತೆಗೆಯುವಾತನು ಸೀಸದ ತಡೆಯ ಹಿಂದೆ ನಿಲ್ಲುವುದು ಹೇಡಿತನದಿಂದಲ್ಲ. ರೋಗಿಗೆ ವರ್ಷಕ್ಕೊಮ್ಮೆ ಕಿರಣ ತಾಗಿದರೆ ಆತನಿಗೆ ದಿನವೂ ತಾಗುವ ಭಯ. ಮನೆಯ ಹವ್ಯಾಸಿಗೆ ಆ ತಡೆಯೂ ಇಲ್ಲ, ತಾಗಿದ ಪ್ರಮಾಣದ ಲೆಕ್ಕವೂ ಇಲ್ಲ. ಮೇಲಾಗಿ ಕಿರಣವು ಬಾಗಿಲ ಹಲಗೆಯನ್ನು ದಾಟಬಲ್ಲುದು. ಪಕ್ಕದ ಕೋಣೆಯಲ್ಲಿ ಮಲಗಿದ ತಂಗಿಗೆ ಅಣ್ಣನ ಪ್ರಯೋಗದ ಸುಳಿವೂ ಇರುವುದಿಲ್ಲ. ನಳಿಗೆಗೆ ಬೇಕಾದ ಸಾವಿರಾರು ವೋಲ್ಟುಗಳ ವಿದ್ಯುತ್ತಂತೂ ಒಂದೇ ಕ್ಷಣದಲ್ಲಿ ಪ್ರಾಣ ತೆಗೆಯಬಲ್ಲುದು. ನಮ್ಮ ದೇಶದಲ್ಲಿ 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಲಿಯ ಅನುಮತಿಯಿಲ್ಲದೆ ಇಂಥ ಯಂತ್ರವನ್ನು ನಡೆಸಲಾಗದೆಂಬ ನಿಯಮ ಸುಮ್ಮನೆ ಹುಟ್ಟಿದ್ದಲ್ಲ.

ಇನ್ನೊಂದು ಮಾತು. ಮನೆಮನೆಯ ಕಪಾಟಿನಲ್ಲಿ ಹಳೆಯ ಎಕ್ಸ್‌ರೇ ಫಿಲ್ಮುಗಳಿರುತ್ತವೆ. ಗ್ರಹಣದ ದಿನ ಅವನ್ನು ಕಣ್ಣಿಗೆ ಹಿಡಿದು ಸೂರ್ಯನನ್ನು ನೋಡುವವರುಂಟು. ಇದೂ ಅದೇ ಬಗೆಯ ಮೋಸ: ಬೆಳಕು ಮಂಕಾದಂತೆ ತೋರಿದರೂ ಅಪಾಯದ ಕಿರಣಗಳು ಒಳನುಗ್ಗುತ್ತವೆ, ಅಕ್ಷಿಪಟ ನೋವಿಲ್ಲದೆಯೇ ಸುಡುತ್ತದೆ.

ಹಾಗಾದರೆ ಹುಡುಗನ ಕುತೂಹಲವನ್ನು ಗದರಿಸಿ ಮುಚ್ಚಿಡಬೇಕೆ? ಬೇಡ. ಅರಳಿ ಎಲೆಯನ್ನು ಕೆಲವು ವಾರ ನೀರಿನಲ್ಲಿ ನೆನೆಯಿಟ್ಟು ಮೃದುವಾಗಿ ಉಜ್ಜಿದರೆ ಹಸಿರೆಲ್ಲ ಕಳಚಿ ನರಗಳ ಜಾಲವಷ್ಟೇ ಉಳಿಯುತ್ತದೆ. ಅದನ್ನು ಬೆಳಕಿಗೆ ಕಪ್ಪಾಗುವ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದರೆ ಒಳರಚನೆಯ ಚಿತ್ರ ತಾನಾಗಿ ಮೂಡುತ್ತದೆ. ತಿಳವಳ್ಳಿಯಲ್ಲಿ ಬಿಸಿಲಿಗಾಗಲಿ ಎಲೆಗಾಗಲಿ ಬಡತನವಿಲ್ಲ. ಮಗನೊಡನೆ ಕುಳಿತು ನೋಡಲು ತಂದೆಗೆ ಅರ್ಧಗಂಟೆ ಬಿಡುವಿದ್ದರೆ ಸಾಕು.