ನಿಮ್ಮ ಮನೆಯ ವಿಳಾಸ ನನಗೇಕೆ?

ಪ್ರಬಂಧದ ಅಡಿಟಿಪ್ಪಣಿಯಲ್ಲಿ ‘ಈ ಹಸ್ತಪ್ರತಿ ನಮ್ಮ ಮನೆಯ ಅಟ್ಟದಲ್ಲಿ, ಎಡಗಡೆಯ ಟ್ರಂಕಿನಲ್ಲಿದೆ’ ಎಂದು ಬರೆದರೆ ಯಾವ ಮಾರ್ಗದರ್ಶಕರು ಸುಮ್ಮನಿರುತ್ತಾರೆ? ಅದೇ ವಿದ್ಯಾರ್ಥಿ ವಚನಗಳ ಪದ ಎಣಿಸುವ ಪ್ರೋಗ್ರಾಮ್ ಬರೆದು, ಮೊದಲ ಸಾಲಿನಲ್ಲೇ ಸಿ ಡ್ರೈವ್, ಯೂಸರ್ಸ್, ತನ್ನ ಹೆಸರು, ಡೆಸ್ಕ್‌ಟಾಪ್, ‘ಹೊಸದು ಫೈನಲ್ 2’ ಎಂದು ದಾರಿ ಕೊರೆದಿಟ್ಟರೆ ಯಾರೂ ಕೆಂಪು ಶಾಯಿ ತೆಗೆಯುವುದಿಲ್ಲ. ನನ್ನ ಜಗಳ ಈ ಮೌನದ ಜೊತೆಗೆ.

‘ಓದುವವರು ಆ ಒಂದು ಸಾಲು ಬದಲಿಸಿಕೊಂಡರಾಯಿತಲ್ಲ’ ಎನ್ನುತ್ತಾರೆ. ಒಂದು ಸಾಲು ಎಂದು ಯಾರು ಹೇಳಿದರು? ಕಡತದ ಉದ್ದಕ್ಕೂ ಅದು ಹತ್ತು ಕಡೆ ಅವಿತಿರುತ್ತದೆ. ಎಲ್ಲಿ ಬದಲಿಸಬೇಕೆಂದು ತಿಳಿದವರು ಹೇಗೋ ದಾಟಿಕೊಳ್ಳುತ್ತಾರೆ. ತಿಳಿಯದವಳು ಕನ್ನಡ ಎಂ.ಎ. ಓದುತ್ತಿರುವ ಹುಡುಗಿ. ಫೈಲ್ ಸಿಗಲಿಲ್ಲ ಎಂಬ ಕೆಂಪಕ್ಷರ ನೋಡಿ ‘ನನಗೆ ಕಂಪ್ಯೂಟರ್ ಬರಲ್ಲ’ ಎಂದು ಮುಚ್ಚಿಡುತ್ತಾಳೆ. ಸಿಗದಿದ್ದ ಫೈಲು ಬರೆದವನ ಮನೆಯಲ್ಲಿತ್ತು, ಸೋತವಳು ಮಾತ್ರ ಇವಳು.

ಮನೆ ಎಂಬುದೂ ಇಲ್ಲಿ ಸರಳವಲ್ಲ. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುತ್ತಿದ್ದ ಯುನಿಕ್ಸ್ ಕಾಲದಲ್ಲಿ ಪ್ರತಿಯೊಬ್ಬರಿಗೂ ಒಂದು ಹೋಮ್ ಡೈರೆಕ್ಟರಿ ಇತ್ತು. ಅದರ ಗುರುತು ಟಿಲ್ಡೆ, ಆ ಅಲೆಯಂಥ ಗೆರೆ. 1970ರ ದಶಕದ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಹೋಮ್ ಎಂಬ ಪದವೂ ಟಿಲ್ಡೆಯೂ ಒಂದೇ ಕೀಲಿಯ ಮೇಲಿದ್ದವು. ರೂಢಿ ಬಂದದ್ದು ಅಲ್ಲಿಂದ ಎನ್ನುತ್ತಾರೆ. ಈಗ ವಿಂಡೋಸ್‌ನಲ್ಲಿ ಅದೇ ಟಿಲ್ಡೆಯನ್ನು ಪೈಥಾನ್‌ಗೆ ಕೊಟ್ಟು ಬಿಡಿಸಲು ಹೇಳಿದರೆ ಅದು ಬಳಕೆದಾರರ ಮೂಲ ಫೋಲ್ಡರಿಗೆ ಹೋಗುತ್ತದೆ, ಆರ್ ಭಾಷೆಗೆ ಕೊಟ್ಟರೆ ಸಾಮಾನ್ಯವಾಗಿ ಅದರೊಳಗಿನ ಡಾಕ್ಯುಮೆಂಟ್ಸ್‌ಗೆ. ಆ ಡಾಕ್ಯುಮೆಂಟ್ಸ್ ಕೂಡ ಎಷ್ಟೋ ಯಂತ್ರಗಳಲ್ಲಿ ಒನ್‌ಡ್ರೈವ್ ಒಳಗೆ ಸೇರಿಕೊಂಡಿರುತ್ತದೆ. ವಿಂಡೋಸ್‌ನ ದಾರಿಯನ್ನು ಹಾಗೇ ನಕಲು ಮಾಡಿ ಪೈಥಾನ್ 3ರಲ್ಲಿ ಅಂಟಿಸಿದಿರೋ, ಹಿಂದಕ್ಕೆ ವಾಲಿದ ಗೆರೆಯೂ ಯೂಸರ್ಸ್‌ನ ದೊಡ್ಡ ‘ಯು’ವೂ ಸೇರಿ ಯೂನಿಕೋಡ್ ಸಂಕೇತದ ಆರಂಭವೆಂದು ಓದಿಕೊಂಡು ಅದು ಹೊಸಿಲಲ್ಲೇ ಮುಗ್ಗರಿಸುತ್ತದೆ.

ಕನ್ನಡದವರಿಗೆ ಇನ್ನೊಂದು ಪಾಡು. ಯಂತ್ರದಲ್ಲಿ ಬಳಕೆದಾರರ ಹೆಸರನ್ನು ಕನ್ನಡ ಲಿಪಿಯಲ್ಲಿಟ್ಟರೆ ಮನೆಯ ದಾರಿಯೂ ಕನ್ನಡವಾಗುತ್ತದೆ. ವಿಂಡೋಸ್ ಮೇಲಿನ ಆರ್, ಯುಟಿಎಫ್-8 ಅನ್ನು ತನ್ನ ಸಹಜ ಎನ್‌ಕೋಡಿಂಗ್ ಮಾಡಿಕೊಂಡದ್ದೇ 2022ರ 4.2 ಆವೃತ್ತಿಯಲ್ಲಿ. ಅಷ್ಟರವರೆಗೆ, ಈಗಲೂ ಕೆಲವು ಕಡೆ, ಸಿಗುವ ಬುದ್ಧಿವಾದ ಒಂದೇ: ಹೆಸರನ್ನು ಇಂಗ್ಲಿಷಿನಲ್ಲಿ ಇಟ್ಟುಕೊಳ್ಳಿ. ಕನ್ನಡ ಪಠ್ಯ ಓದಲು ಬಂದವರು ತಮ್ಮ ಹೆಸರನ್ನು ಬಾಗಿಲಲ್ಲಿ ಬಿಟ್ಟು ಬರಬೇಕಂತೆ!

ಪರಿಹಾರ ಕಷ್ಟದ್ದಲ್ಲ, ಅದೇ ಸಿಟ್ಟು ಬರಿಸುವುದು. ಪಠ್ಯವೂ ಪ್ರೋಗ್ರಾಮೂ ಒಂದೇ ಫೋಲ್ಡರಿನಲ್ಲಿರಲಿ, ದಾರಿ ಆ ಫೋಲ್ಡರಿನಿಂದಲೇ ಶುರುವಾಗಲಿ. ಮನೆ ಬೇಕೇ ಬೇಕಾದರೆ ಯಂತ್ರವನ್ನೇ ಕೇಳಿ. ಪೈಥಾನ್‌ನ ಪಾತ್‌ಲಿಬ್ ಒಂದೇ ಸಾಲಿನಲ್ಲಿ ಹೇಳುತ್ತದೆ. ಕೊಲ್ಯಾಬ್‌ಗೆ ಹೋದರೆ ಪಾರಾದೆವು ಎನ್ನುವವರು ಅಲ್ಲಿಯೂ ತಮ್ಮ ಡ್ರೈವಿನ ಫೋಲ್ಡರನ್ನೇ ಕೊರೆದಿಡುತ್ತಾರೆ.

ವಿಭಾಗಗಳು ಕೃತಿಚೌರ್ಯದ ಶೇಕಡಾವಾರು ನೋಡಲು ತಂತ್ರಾಂಶ ಓಡಿಸುತ್ತವೆ. ಪ್ರಬಂಧದ ಪ್ರೋಗ್ರಾಮನ್ನು ಬೇರೊಬ್ಬರ ಲ್ಯಾಪ್‌ಟಾಪಿನಲ್ಲಿ ಒಮ್ಮೆ ಓಡಿಸಿ ನೋಡಲು ಹತ್ತು ನಿಮಿಷ ಸಾಕು. ಮುಂದಿನ ವೈವಾದಲ್ಲಿ ಆ ಹತ್ತು ನಿಮಿಷವನ್ನು ಯಾರಾದರೂ ಕೇಳಲಿ.