ಒಂದೆಲಗ ಕೊಟ್ಟು ಸುಮ್ಮನಿದ್ದೆವು

ಮೊನ್ನೆ ಬೆಂಗಳೂರಿಂದ ತುಮಕೂರಿಗೆ ಸಂಜೆ ರೈಲಲ್ಲಿ ಬರುವಾಗ ಗೆಳತಿ ಒಂದು ಕ್ರೀಮ್ ತೋರಿಸಿದಳು. ಕೊರಿಯಾದ 'ಸಿಕಾ' ಕ್ರೀಮ್. "ಮುಖದ ಉರಿ ಎಲ್ಲ ಇಳಿಯುತ್ತೆ ಕಣೇ" ಅಂದಳು. ತಿರುಗಿಸಿ ಓದಿದರೆ, ಸೆಂಟೆಲ್ಲಾ ಏಷ್ಯಾಟಿಕಾ. ನಗು ಬಂತು. ಗುಬ್ಬಿ ಹತ್ತಿರದ ನಮ್ಮ ತೋಟದಲ್ಲಿ ಅಡಿಕೆ ಮರಗಳ ನೆರಳಿಗೆ ಹಬ್ಬೋ ಒಂದೆಲಗ ಅದು!

ಚೀನಾದ ಹಳೇ ವೈದ್ಯದಲ್ಲೂ ಇದು ಮೈ ಉಷ್ಣ ಇಳಿಸುವ ತಂಪು ಸೊಪ್ಪು. ಅಲ್ಲಿ 'ಜಿ ಶ್ಯುಎ ತ್ಸಾವ್' ಅಂತಾರೆ. ಶ್ರೀಲಂಕಾದವರು ಗೊಟುಕೊಳ ಅಂತ ಕರೆದು, ಹಸಿಯಾಗಿ ಹೆಚ್ಚಿ ಕಾಯಿತುರಿ ಕಲಸಿ ತಿನ್ನುತ್ತಾರೆ. ನಮ್ಮಜ್ಜಿಗೆ ಇದ್ಯಾವುದೂ ಗೊತ್ತಿಲ್ಲ. "ತಂಪು ಕಣವ್ವ, ಮೈಗೂ ತಲೆಗೂ" ಅಂತ ಹಸಿಮೆಣಸಿನಕಾಯಿ, ಕಾಯಿ, ಹುಣಸೆಹಣ್ಣು ಹಾಕಿ ಚಟ್ನಿ ರುಬ್ಬುತ್ತಿದ್ದಳು. ಬಿಸಿ ಮುದ್ದೆ ಜೊತೆ ಅದರ ರುಚಿಯೇ ಬೇರೆ.

ಕಳೆದ ವರ್ಷ ಆ ಚಟ್ನಿಗೆ ಅಜ್ಜಿ ಉಪ್ಪು ಹಾಕೋದು ಮರೆತಳು. ಆಮೇಲೆ ಕೇಳಿದ್ದನ್ನೇ ಮೂರು ಸಲ ಕೇಳತೊಡಗಿದಳು. ಒಲೆ ಮೇಲಿಟ್ಟ ಹಾಲು ಸೀದು ಹೋಯಿತು. ವಯಸ್ಸು 74, ಮರೆವು ಸಹಜ ಅಂದುಕೊಂಡೆವು. ಒಂದೆಲಗ ನೆನಪಿಗೆ ಒಳ್ಳೇದು ಅಂತ ಎಲ್ಲರೂ ಹೇಳೋದೇ ತಾನೆ? ಬೇಸಿಗೆಗೆ ತೋಟದ್ದು ಒಣಗಿತ್ತು. ಕುಣಿಗಲ್ ಚಿಕ್ಕಮ್ಮ ಹಿತ್ತಲಲ್ಲಿ ಬೆಳೆದದ್ದನ್ನು ಕಟ್ಟು ಕಟ್ಟಿ ಕಳಿಸುತ್ತಿದ್ದರು. ನಾನು ಭಾನುವಾರ ಗುಬ್ಬಿಗೆ ಒಯ್ದು ಕೊಟ್ಟು ಬರುತ್ತಿದ್ದೆ. ಹೀಗೆ ಐದು ತಿಂಗಳು ಕಳೆಯಿತು. ಏನೋ ಮಾಡ್ತಾ ಇದ್ದೀವಿ ಅನ್ನೋ ಸಮಾಧಾನ ನಮಗೆ. "ಪಾದ ಜೋಮು ಹಿಡೀತೈತೆ" ಅಂತ ಅಜ್ಜಿ ಹೇಳುತ್ತಿದ್ದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಭಾನುವಾರ ಬಾಗಿಲಲ್ಲಿ ನಿಂತ ನನ್ನನ್ನೇ ನೋಡಿ, "ಯಾರ ಮಗಳವ್ವಾ ನೀನು?" ಅಂದಳು.

ಮಾರನೇ ದಿನವೇ ತುಮಕೂರಿಗೆ ಕರೆತಂದು ಡಾಕ್ಟರಿಗೆ ತೋರಿಸಿದೆವು. ಸಕ್ಕರೆ ಕಾಯಿಲೆಗೆ ಯಾವ ಮಾತ್ರೆ, ಎಷ್ಟು ವರ್ಷದಿಂದ, ಹಾಲು ಮೊಸರು ತಗೋತಾರಾ ಅಂತ ಕೇಳಿದರು. ಮೆಟ್‌ಫಾರ್ಮಿನ್, ಹದಿನಾಲ್ಕು ವರ್ಷ. ಮನೆಯಲ್ಲಿ ಮೊಟ್ಟೆ, ಮಾಂಸ ಇಲ್ಲ. ಹಾಲು ಅಂದರೆ ಟೀಗೆ ಹಾಕಿದಷ್ಟೇ. ರಕ್ತ ಪರೀಕ್ಷೆಯಲ್ಲಿ ಬಿ12 ತೀರಾ ಕಡಿಮೆ ಬಂತು. ಮರೆವಿಗೂ ಕಾಲಿನ ಜೋಮಿಗೂ ಅದೇ ಕಾರಣ ಇರಬಹುದು ಅಂದರು.

"ಒಂದೆಲಗ ಕೊಡ್ತಾನೇ ಇದ್ವಲ್ಲ ಡಾಕ್ಟ್ರೇ" ಅಂದೆ.

"ಕೊಡಿ, ಒಳ್ಳೆ ಸೊಪ್ಪು. ಆದ್ರೆ ಬಿ12 ಯಾವ ಸೊಪ್ಪಲ್ಲೂ ಸಿಗಲ್ಲಮ್ಮ."

ಆ ರಾತ್ರಿ ನಿದ್ದೆ ಬರಲಿಲ್ಲ. ತಪ್ಪು ಒಂದೆಲಗದ್ದಲ್ಲ, ನಮ್ಮದು. ಗಾಯ ಮಾಯಿಸುವ ಗುಣ ಅದರಲ್ಲಿರುವ ಏಷ್ಯಾಟಿಕೋಸೈಡ್‌ನಂಥ ಅಂಶಗಳಿಗಿದೆ ಅಂತ ಪ್ರಯೋಗಗಳು ಹೇಳುತ್ತವೆ, ಕ್ರೀಮಿಗೆ ಸೇರಿದ್ದು ಅದಕ್ಕೇ. ನೆನಪಿನ ವಿಷಯದಲ್ಲಿ ಮಾತ್ರ ಅಷ್ಟು ಗಟ್ಟಿ ಸಾಕ್ಷಿ ಇಲ್ಲ. ಇದ್ದಿದ್ದರೂ, ಮೈಯಲ್ಲಿ ಇಲ್ಲದ ಬಿ12 ಅದು ಎಲ್ಲಿಂದ ತಂದೀತು?

ಇಂಜೆಕ್ಷನ್ ಶುರುವಾಗಿ ಕೆಲವು ತಿಂಗಳಲ್ಲಿ ಅಜ್ಜಿ ಬಹಳ ಮಟ್ಟಿಗೆ ಸುಧಾರಿಸಿದಳು. ಎಲ್ಲಾ ವಾಪಸ್ ಬಂದಿಲ್ಲ. ಕಾಲಿನ ಜೋಮು ಇನ್ನೂ ಸ್ವಲ್ಪ ಇದೆ. ಐದು ತಿಂಗಳು ಮೊದಲೇ ಹೋಗಿದ್ದರೆ ಅನ್ನೋದು ಈಗಲೂ ಕೊರೆಯುತ್ತೆ.

ಊರಲ್ಲಿರೋ ಅಪ್ಪ, ಅಮ್ಮ, ಅಜ್ಜಿಯ ಮರೆವನ್ನು ನೀವೂ ಫೋನಲ್ಲೇ ಕೇಳಿಸಿಕೊಳ್ತಿರಬಹುದು. ಒಂದು ಸಲ ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ಸಕ್ಕರೆ ಮಾತ್ರೆಯನ್ನು ಮಾತ್ರ ನೀವಾಗೇ ನಿಲ್ಲಿಸಬೇಡಿ. ಒಂದೆಲಗವನ್ನು ಚರಂಡಿ ಪಕ್ಕದಿಂದ ಕೀಳಬೇಡಿ, ಕೊಳಕು ನೆಲದ ವಿಷವನ್ನೂ ಅದು ಹೀರಿಕೊಳ್ಳುತ್ತೆ. ಕುಂಡದಲ್ಲಿ ಒಂದು ಬಳ್ಳಿ ಊರಿ ತೇವ ಇಟ್ಟರೆ ತಾನಾಗೇ ಹಬ್ಬುತ್ತೆ. ಕ್ಯಾಪ್ಸೂಲ್ ನುಂಗೋ ಮುಂಚೆ ಡಾಕ್ಟರನ್ನು ಕೇಳಿ, ಅಪರೂಪಕ್ಕೆ ಲಿವರ್‌ಗೆ ತೊಂದರೆ ಆದದ್ದುಂಟು.

ಮೊನ್ನೆ ಭಾನುವಾರ ಅಜ್ಜಿ ಮತ್ತೆ ಚಟ್ನಿ ರುಬ್ಬಿದಳು. ನನ್ನ ಹೆಸರು ಹಿಡಿದೇ ಕೂಗಿ, "ಬಾ, ಉಪ್ಪು ನೋಡು" ಅಂದಳು.

ಸರಿಯಾಗಿತ್ತು.